ಸಾವುಕಾರರ ಹಸಿರು

ಬಾಯಿಗೆ ಬೀಗ ಜಡಿದು, ಕೀಲಿಕೈಯನ್ನು ತಮ್ಮ ಜೇಬಿಗೆ ಹಾಕಿಕೊಂಡು, "ಯಾಕ ಯಾರೂ ಮಾತಾಡವಲ್ರಿ?" ಎಂದು ಕೇಳುವ ದೊಡ್ಡವರ ಕೈಕೆಳಗೆ ದುಡಿದವರಿಗೆ ನಾನು ಹೇಳುವುದೇನೂ ಹೊಸದಲ್ಲ. ನಾರಾಯಣಪೇಟೆಯ ನಮ್ಮ ಮಗ್ಗದ ಶೆಡ್ಡಿನಲ್ಲಿ ಇಂಥದ್ದೊಂದು ಮುಗಿಯುವುದರೊಳಗೆ ಇನ್ನೊಂದು ಶುರುವಾಗಿರುತ್ತದೆ. ಮನೆಗೆ ಬಂದು ಹೇಳಿದರೆ ನನ್ನ ಗಂಡ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. ನಾನು ಹಲ್ಲು ಕಡಿಯುತ್ತಲೇ ಹೇಳುತ್ತೇನೆ. ಈಗಲೂ ಹಾಗೇ ಹೇಳುವವಳು. ನಗು ಬಂದವರು ನಗಲಿ, ನನ್ನದೇನೂ ತಕರಾರಿಲ್ಲ.

ಮೊದಲು ನಮ್ಮವರನ್ನು ಪರಿಚಯ ಮಾಡಿಕೊಡುತ್ತೇನೆ. ನಾನು ಸೀರೆ ಚೆಕ್ ಮಾಡುವವಳು. ಮಗ್ಗದಿಂದ ಇಳಿದ ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಎಳೆ ತಪ್ಪಿದೆಯೇ, ಕಲೆ ಬಿದ್ದಿದೆಯೇ, ಅಂಚು ನೆಟ್ಟಗಿದೆಯೇ ಎಂದು ನೋಡುವುದು ನನ್ನ ಕೆಲಸ. ಲೆಕ್ಕಪತ್ರ ನೋಡಲು ಒಬ್ಬ ಮುನೀಮರಿದ್ದಾರೆ, ದಿನಾ ಮರಿಕಲ್‌ನಿಂದ ಬಸ್ಸಿಗೆ ಬರುವ ಹಿರಿಯರು. ನೂಲಿಗೆ ಬಣ್ಣ ಹಾಕುವವರನ್ನು ನಾವೆಲ್ಲ ಬಣ್ಣದ ಕಾಕಾ ಅನ್ನುತ್ತೇವೆ. ಮೂಲೆಯ ಮಗ್ಗದಲ್ಲಿ ಒಬ್ಬಾಕೆ ನೇಯುತ್ತಾಳೆ, ಅವಳು ನಮಗೆ ಮೂಲೆಮಗ್ಗದ ಅಕ್ಕ. ಇವರೆಲ್ಲರ ತಲೆಯ ಮೇಲೆ ಸಾವುಕಾರರು. ನಾರಾಯಣಪೇಟೆಯಲ್ಲಿ ಈ ಶೆಡ್ಡು, ಗದ್ವಾಲದಲ್ಲಿ ಅಂಗಡಿ, ಮಕ್ತಲ್‌ನಲ್ಲಿ ಗೋದಾಮು, ಎಲ್ಲ ಅವರವೇ. ಅವರ ತಂದೆ ಹಾಸಿಗೆ ಹಿಡಿದ ಮೇಲೆ ಗದ್ದುಗೆಗೆ ಬಂದವರು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಇವರು ಒಳ್ಳೆಯವರಾಗಲು ಹೊರಟಿದ್ದೇ ನಮಗೆ ಮುಳುವಾಯಿತು.

ಖುಲ್ಲಾ ಮಾತಾಡ್ರಿ

ಹೈದರಾಬಾದಿನಲ್ಲಿ ಮಾಲೀಕರಿಗೆಂದೇ ಏನೋ ಒಂದು ತರಬೇತಿ ನಡೆಯಿತಂತೆ. ನಮ್ಮ ಸಾವುಕಾರರು ಹೋಗಿ ಬಂದರು. ಬಂದವರೇ ಮಗ್ಗಗಳನ್ನೆಲ್ಲ ನಿಲ್ಲಿಸಿ ನಮ್ಮನ್ನು ಚಾಪೆಯ ಮೇಲೆ ಕೂರಿಸಿದರು.

"ಕೆಲಸದಾಗ ಹೆದರಿಕಿ ಇರಬಾರ್ದು. ಹೆದರಿಕಿ ಇದ್ದಲ್ಲಿ ಧಂದೆ ಬೆಳಿಯಂಗಿಲ್ಲ. ಇವತ್ತಿನಿಂದ ಖುಲ್ಲಾ ಮಾತಾಡ್ರಿ. ಏನ ತ್ರಾಸಿದ್ರೂ ಹೇಳ್ರಿ, ನಾ ಒಂದು ಮಾತು ಅನ್ನಂಗಿಲ್ಲ."

ನಾವು ಚಾಪೆಯ ಹೆಣಿಗೆ ನೋಡುತ್ತ ಕುಳಿತೆವು. ಸಾವುಕಾರರ ಮುಖ ಕೆಂಪೇರತೊಡಗಿತು.

"ಹೇಳ್ರಿ ಅಂದ್ರ ಹೇಳಬೇಕು! ಹೆದರಬ್ಯಾಡ್ರಿ ಅಂತ ಎಷ್ಟು ಸಲ ಒದರಬೇಕು?"

ಅಷ್ಟು ಜೋರಾಗಿ ಹೆದರಬೇಡಿ ಎಂದರೆ ಯಾರಿಗೆ ಹೆದರಿಕೆಯಾಗುವುದಿಲ್ಲ? ಕೊನೆಗೆ ಮುನೀಮರು, ಎಲ್ಲರಿಗಿಂತ ಹಿರಿಯರಲ್ಲವೇ, ಸಭೆಯ ಮಾನ ಉಳಿಸಲೆಂದು ಯಾರಿಗೂ ನೋಯದಂಥ ಒಂದು ದೂರನ್ನು ಹುಡುಕಿ ತೆಗೆದರು.

"ನನ್ನ ಮ್ಯಾಲಿನ ಫ್ಯಾನು ಸ್ವಲ್ಪ ಕಿರ್ರ ಅಂತೈತ್ರಿ."

"ಶಾಬಾಸ್!" ಎಂದರು ಸಾವುಕಾರರು. ಚಪ್ಪಾಳೆಯೂ ಆಯಿತು. ಮಧ್ಯಾಹ್ನವೇ ಫ್ಯಾನನ್ನು ಬಿಚ್ಚಿ ರಿಪೇರಿಗೆ ಒಯ್ದರು. ಅದು ಹೋಗಿದ್ದು ಹೋಗಿದ್ದೇ. ನಡುಬೇಸಿಗೆಯಲ್ಲಿ ಮುನೀಮರು ರಟ್ಟಿನ ತುಂಡಿನಿಂದ ಗಾಳಿ ಬೀಸಿಕೊಳ್ಳುತ್ತ ಕೂತಿರುವುದನ್ನು ನೋಡಿ ನನಗೇ ತಡೆಯಲಾಗಲಿಲ್ಲ. "ಕೇಳಬಾರ್ದೇನ್ರಿ, ಫ್ಯಾನ್ ಏನಾತು ಅಂತ?" ಎಂದೆ.

"ಬ್ಯಾಡವ್ವ ತಂಗಿ," ಎಂದರು ಮುನೀಮರು, ಬೆವರು ಒರೆಸಿಕೊಳ್ಳುತ್ತ. "ಈಗ ಕುರ್ಚಿ ಆದ್ರೂ ಐತಿ."

ಬಾಗಿಲಿಲ್ಲದ ಕೋಣೆ

ತರಬೇತಿಯಲ್ಲಿ "ನಿಮ್ಮ ಬಾಗಿಲು ಯಾವಾಗಲೂ ತೆರೆದಿರಲಿ" ಎಂದೂ ಹೇಳಿಕೊಟ್ಟಿದ್ದರಂತೆ. ನಮ್ಮ ಸಾವುಕಾರರು ಯಾವುದನ್ನೂ ಅರ್ಧಂಬರ್ಧ ಮಾಡುವವರಲ್ಲ. ಬಡಿಗನನ್ನು ಕರೆಸಿ ತಮ್ಮ ಕೋಣೆಯ ಬಾಗಿಲನ್ನೇ ಕೀಲಿನಿಂದ ಕಳಚಿಸಿಬಿಟ್ಟರು.

ಮೊದಲು ಬಾಗಿಲು ಹಾಕಿರುತ್ತಿತ್ತು, ನಾವು ಹೊರಗೆ ನಮ್ಮ ಪಾಡಿಗೆ ಸೊಸೆ ಸುದ್ದಿ, ಅತ್ತೆ ಸುದ್ದಿ ಮಾತಾಡುತ್ತಿದ್ದೆವು. ನೂಲು ಕಡಿಯುತ್ತಿದೆ, ಬಣ್ಣ ಇಳಿಯುತ್ತಿದೆ ಅನ್ನುವ ಕೆಲಸದ ಮಾತೂ ಅದರ ನಡುವೆಯೇ ಆಗುತ್ತಿತ್ತು. ಈಗ ಅವರ ಕುರ್ಚಿಯಿಂದ ನೋಡಿದರೆ ಇಡೀ ಶೆಡ್ಡು ಕಾಣುತ್ತದೆ. ಯಾರು ಯಾರ ಜೊತೆ ಮಾತಾಡಿದರು, ಯಾರು ಆಕಳಿಸಿದರು, ಎಲ್ಲ ಕಾಣುತ್ತದೆ. ಶೆಡ್ಡು ಗಪ್‌ಚುಪ್.

ಅದಕ್ಕಿಂತ ದೊಡ್ಡ ಪರೇಶಾನಿ ಹೆಂಗಸರದು. ಬಚ್ಚಲಿಗೆ ಹೋಗುವ ದಾರಿ ಆ ಕೋಣೆಯ ಮುಂದಿನಿಂದಲೇ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅವರು ತಲೆ ಎತ್ತಿ, "ಏನವ್ವ, ಏನಾರ ಹೇಳೋದೈತೇನು?" ಎಂದು ಪ್ರೀತಿಯಿಂದ ಕೇಳುವರು. ಬಚ್ಚಲಿಗೆ ಹೊರಟವಳು ಏನು ಹೇಳಬೇಕು? ಹೆಂಗಸರು ನೀರು ಕುಡಿಯುವುದನ್ನೇ ಕಡಿಮೆ ಮಾಡಿದರು. ಇದನ್ನು ಹೇಳುವಾಗ ನನಗೆ ಈಗಲೂ ಮೈ ಉರಿಯುತ್ತದೆ.

ಮೂಲೆಮಗ್ಗದ ಅಕ್ಕ ಒಂದು ಉಪಾಯ ಮಾಡಿದಳು. ಹೊಸದಾಗಿ ಮಗ್ಗದಿಂದ ಇಳಿದ ಒಂದು ಚೌಕಡಿ ಸೀರೆಯನ್ನು ಆ ಬಾಗಿಲವಾಡಕ್ಕೆ ಉದ್ದಕ್ಕೆ ಇಳಿಬಿಟ್ಟು, "ಗಿರಾಕಿ ಬಂದ್ರ ಮೊದ್ಲು ಇದನ್ನ ನೋಡ್ಲಿ ಅಂತ ಹಾಕೀನ್ರಿ" ಎಂದಳು. ಸಾವುಕಾರರಿಗೆ ಈ ವ್ಯಾಪಾರದ ಬುದ್ಧಿ ಮೆಚ್ಚಿಗೆಯಾಯಿತು. ಶೆಡ್ಡಿನಲ್ಲಿ ಮತ್ತೆ ಮಾತು, ಮತ್ತೆ ನಗು, ಹೆಂಗಸರ ಚೊಂಬಿನಲ್ಲಿ ಮತ್ತೆ ನೀರು.

ಆ ವಾರವೇ ಗಿರಾಕಿಯೊಬ್ಬರು ಬಂದು, ಬಾಗಿಲಲ್ಲೇ ನಿಂತು, ಆ ಸೀರೆಯನ್ನೇ ಖರೀದಿ ಮಾಡಿಕೊಂಡು ಹೋದರು.

ಒಂದು ಗಂಟು, ಎರಡು ಗಂಟು

ಇನ್ನು ಮುಖ್ಯ ಸಂಗತಿಗೆ ಬರುತ್ತೇನೆ. ನಮ್ಮ ಸಾವುಕಾರರಿಗೆ ಕೆಂಪು ಮತ್ತು ಹಸಿರು ಬೇರೆ ಬೇರೆಯಾಗಿ ಕಾಣುವುದಿಲ್ಲ.

ಹುಟ್ಟಿನಿಂದ ಬಂದದ್ದಿರಬೇಕು. ಅದಕ್ಕೆ ನಾನು ನಗುವುದಿಲ್ಲ, ಕಣ್ಣು ದೇವರು ಕೊಟ್ಟಿದ್ದು. ಆದರೆ ಸೀರೆಯ ಧಂದೆಯಲ್ಲಿ ಕೂತು, ಯಾವ ಒಡಲಿಗೆ ಯಾವ ಅಂಚು ಎಂದು ತಾವೇ ಹುಕುಂ ಮಾಡುತ್ತ, ಯಾರಾದರೂ ಅನುಮಾನದಿಂದ ನೋಡಿದರೆ ಹಾರಿ ಬೀಳುವುದು ದೇವರು ಕೊಟ್ಟಿದ್ದಲ್ಲ.

ಇದು ಮೊದಲು ಗೊತ್ತಾಗಿದ್ದು ಬಣ್ಣದ ಕಾಕಾನಿಗೆ. ಅವರು ಒಂದು ಕೆಂಪು ನೂಲಿನ ಲಡಿ, ಒಂದು ಹಸಿರು ಲಡಿ ಅದ್ದಿ ಗಳದ ಮೇಲೆ ಪಕ್ಕಪಕ್ಕ ಒಣಹಾಕಿದ್ದರು. ಸಾವುಕಾರರು ಬಂದು ನೋಡಿ, "ಎರಡೂ ಒಂದೇ ಮಾಡಿ ಇಟ್ಟೀಯಲ್ಲೋ! ಇದನ್ನ ಮತ್ತ ಅದ್ದು" ಎಂದು ಹಸಿರು ಲಡಿ ತೋರಿಸಿದರು. ತಮ್ಮನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡ ಕಾಕಾ ಅದನ್ನು ಇನ್ನಷ್ಟು ಹಸಿರಿಗೆ ಅದ್ದಿದರು. "ಇನ್ನೂ ಆಗಿಲ್ಲ." ಮತ್ತೆ ಅದ್ದಿದರು. "ಊಹೂಂ." ಅದ್ದಿ ಅದ್ದಿ ಲಡಿ ಕಾಡಿಗೆಯ ಹಾಗೆ ಕಪ್ಪಾದಾಗ ಸಾವುಕಾರರು ಬೆನ್ನು ತಟ್ಟಿದರು. "ಈಗ ನೋಡು, ಬ್ಯಾರೆ ಕಂಡ್ವು!"

ಕಾಕಾ ಚಹಾದ ಹೊತ್ತಿನಲ್ಲಿ ನಮಗೆ ಪಿಸುಗುಟ್ಟಿದರು. ಯಾರು ಹೇಳಬೇಕು ಸಾವುಕಾರರಿಗೆ? ಗದ್ವಾಲದ ಅಂಗಡಿಯಿಂದ ಹೊಸದಾಗಿ ಬಂದವನೊಬ್ಬ ಇದೇನೂ ಗೊತ್ತಿಲ್ಲದೆ, ಅವರು ಹಸಿರು ಎಂದು ತೋರಿಸಿದ್ದನ್ನು ನೋಡಿ ತೆಲುಗಿನಲ್ಲಿ "ಅದಿ ಎರುಪು ಕದಾ ಸಾರ್", ಅದು ಕೆಂಪಲ್ಲವೇ ಸಾರ್, ಎಂದುಬಿಟ್ಟ. "ನನಗ ಬಣ್ಣ ಕಲಿಸಾಕ ಬಂದೀಯೇನು?" ಎಂಬ ಕೂಗು ರಸ್ತೆಗೆ ಕೇಳಿತು. ಬಂದ ಬಸ್ಸಿಗೇ ಅವನು ಗದ್ವಾಲಕ್ಕೆ ವಾಪಸ್ಸಾದ.

ಅಂದಿನಿಂದ ಕಾಕಾ ಗುಟ್ಟಾಗಿ ಒಂದು ರೂಢಿ ಹಾಕಿದರು. ನಮ್ಮ ನಮ್ಮಲ್ಲಿ ಬಣ್ಣದ ಹೆಸರು ಬಾಯಿಗೆ ಬರಬಾರದೆಂದು ಕೆಂಪು ಲಡಿಯ ತುದಿಗೆ ಒಂದು ಗಂಟು, ಹಸಿರಿಗೆ ಎರಡು. ಗಿರಾಕಿಗೆ ಬೇಕಾದದ್ದು ಒಂದು ಗಂಟಿನದೋ ಎರಡು ಗಂಟಿನದೋ ಎಂದು ಮುನೀಮರು ಕಾಕಾನ ಕಿವಿಯಲ್ಲಿ ಹೇಳುವುದು, ಕಾಕಾ ಸರಿಯಾದ ಲಡಿ ಕೈಯಲ್ಲಿ ಹಿಡಿದು ಸಾವುಕಾರರ ಮುಂದೆ ನಿಲ್ಲುವುದು, ಅವರು ಗಂಭೀರವಾಗಿ ನೋಡಿ, ಕಾಕಾ ಹೇಳಿದ್ದಕ್ಕೆ "ಹ್ಞಾಂ, ಇದೇ ಹಸಿರು" ಎಂದು ಪಾಸು ಮಾಡುವುದು. ಹೀಗೆ ಇಡೀ ಶೆಡ್ಡು ಸೇರಿ ಒಬ್ಬ ಮನುಷ್ಯನ ಕಣ್ಣಾಗಿ ದುಡಿಯಿತು, ಆ ಮನುಷ್ಯನಿಗೆ ಮಾತ್ರ ಗೊತ್ತಾಗದ ಹಾಗೆ. "ನನಗ ಈ ಎರಡು ಬಣ್ಣ ತಿಳಿಯಂಗಿಲ್ಲ, ನೀವ ನೋಡಿ ಹೇಳ್ರಿ" ಎಂಬ ಒಂದೇ ಒಂದು ಮಾತು ಅವರ ಬಾಯಿಂದ ಬಂದಿದ್ದರೆ ಈ ನಾಟಕ ಯಾರಿಗೂ ಬೇಕಿರಲಿಲ್ಲ.

ಒಮ್ಮೆ ಹೈದರಾಬಾದಿನ ದೊಡ್ಡ ವ್ಯಾಪಾರಿಯೊಬ್ಬರು ಬಂದು ಸೀರೆಗಳನ್ನು ಹರವಿ ನೋಡಿ, "ಏನು ಬಣ್ಣದ ಕಣ್ಣು ರೀ ನಿಮ್ಮದು! ಆ ಕಣ್ಣಿಗೆ ನಜರ್ ತಾಗದಿರಲಿ" ಎಂದು ಹೊಗಳಿದರು. ಸಾವುಕಾರರು ತಲೆ ಬಾಗಿಸಿ, "ಎಲ್ಲಾ ಹಿರಿಯರ ಆಶೀರ್ವಾದ" ಎಂದರು. ಹಿಂದೆ ನಿಂತಿದ್ದ ಕಾಕಾ ಹೆಗಲ ಮೇಲಿನ ಟವೆಲನ್ನು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡಿದರು.

ಕನ್ನಡ ಬಲ್ಲ ತೋಳ

ನನ್ನ ತವರು ಇಲ್ಲೇ ನಾರಾಯಣಪೇಟೆಯ ಹತ್ತಿರದ ಮದ್ದೂರಿನ ಕಡೆ. ಕುರಿ ಕಾಯುವ ಮಂದಿ ನಾವು. ರಜೆ ಸಿಕ್ಕಿತೆಂದು ಒಮ್ಮೆ ನಮ್ಮ ಹಟ್ಟಿಗೆ ಹೋಗಿದ್ದೆ. ಮೊಬ್ಬು ಕವಿಯುವ ಹೊತ್ತು. ನನ್ನ ಅತ್ತಿಗೆ ಒಮ್ಮೆಲೆ "ತ್ವಾಳ! ತ್ವಾಳ ಬಂತೋ!" ಎಂದು ಚೀರಿದಳು. ಅಪ್ಪ, ಕಾಕಂದಿರು, ನಾನೂ ಸೇರಿ ಕೈಗೆ ಸಿಕ್ಕ ಕೋಲು ಹಿಡಿದು ಓಡಿದೆವು. ಬೇಲಿಯ ಆಚೆ ಹುಲ್ಲಿನಲ್ಲಿ ಕರ್ರಗೆ ಏನೋ ಕುಕ್ಕರಿಸಿ ತಡಕಾಡುತ್ತಿತ್ತು. ಬಿದ್ದವು ನೋಡಿ ಏಟು!

"ಯಪ್ಪೋ, ನಾನೋ! ನಾನು!" ಎಂದಿತು ತೋಳ.

ತೋಳಕ್ಕೆ ಕನ್ನಡ ಬರುತ್ತದೆ ಎಂದು ಗೊತ್ತಾದ ಮೇಲೆ ಕೋಲುಗಳು ನಿಂತವು. ನೋಡಿದರೆ ನಮ್ಮಣ್ಣ. ಕರಿಕಂಬಳಿ ಹೊದ್ದುಕೊಂಡು, ಬಿದ್ದುಹೋದ ಮೊಬೈಲನ್ನು ಹುಲ್ಲಿನಲ್ಲಿ ಹುಡುಕುತ್ತಿದ್ದ.

ಅತ್ತಿಗೆ ನಾಚಿ ನೀರಾದಳು. ಆದರೆ ಅಪ್ಪ ಅವಳಿಗೆ ಒಂದು ಮಾತೂ ಅನ್ನಲಿಲ್ಲ. ಹಟ್ಟಿಗೆ ಬಂದು ನಮ್ಮ ಕುಲದೇವರು ಬೀರಪ್ಪನ ಮುಂದೆ ಇಟ್ಟಿದ್ದ ಬೆಲ್ಲದ ಮೊದಲ ತುಂಡನ್ನು ಅವಳ ಕೈಗೇ ಕೊಟ್ಟರು. ನಮ್ಮ ಹಟ್ಟಿಯಲ್ಲಿ ಇದು ಹಿಂದಿನಿಂದ ಬಂದ ಪದ್ಧತಿ: ತೋಳ ಬಂತೆಂದು ಕೂಗಿದವರನ್ನು, ಬರದಿದ್ದರೂ, ಬೈಯುವ ಹಾಗಿಲ್ಲ.

"ಅಕಿ ತಪ್ಪು ಕೂಗಿದ್ಲು, ಖರೇ," ಎಂದರು ಅಪ್ಪ. "ಇವತ್ತು ಬೈದ್ರ ಮುಂದ ಖಾತ್ರಿ ಮಾಡ್ಕೊಂಡು ಕೂಗ್ತಾಳ. ಅಕಿ ಖಾತ್ರಿ ಮಾಡ್ಕೊಳ್ಳೂದ್ರಾಗ ತ್ವಾಳ ಮರಿ ಒಯ್ದು ತಿಂದು ಮುಗಿಸಿರ್ತೈತಿ."

ನನಗೆ ಕಣ್ಣಲ್ಲಿ ನೀರು ಬಂತು, ನಮ್ಮ ಶೆಡ್ಡು ನೆನಪಾಗಿ. ಯಾವ ತರಬೇತಿಗೂ ಹೋಗದ ನಮ್ಮಪ್ಪನ ಹಟ್ಟಿಯಲ್ಲಿ ಸೊಸೆ ಎದೆ ತುಂಬ ಉಸಿರೆಳೆದು ಚೀರಬಹುದು. ಅಣ್ಣ ಮಾತ್ರ ಬೆನ್ನಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ ಗೊಣಗಿದ.

"ಪದ್ಧತಿ ಚಲೋ ಐತಪ್ಪ. ಬಡಿಸ್ಕೊಂಡವ್ರಿಗೂ ಒಂದು ತುಂಡು ಬೆಲ್ಲ ಇಡ್ರಿ."

ಬೆಲ್ಲದ ಭಯ

ನನ್ನ ಬಾಯಿ ಸುಮ್ಮನಿರಬೇಕಲ್ಲ. ಮರಳಿ ಬಂದವಳು ಈ ಕತೆಯನ್ನು ಚಹಾ ಹೊತ್ತಿನಲ್ಲಿ ಹೇಳಿದೆ. ಬಾಗಿಲಿಲ್ಲದ ಕೋಣೆಯಿಂದ ಸಾವುಕಾರರೂ ಕೇಳಿಸಿಕೊಂಡರು. ಎದ್ದು ಬಂದು, "ಭಾರೀ ಮಾತು! ನಾಳಿಂದ ನಮ್ಮಲ್ಲೂ ಇದೇ ಪದ್ಧತಿ. ತಪ್ಪು ತೋರಿಸಿದವ್ರಿಗೆ ಬೆಲ್ಲ" ಎಂದರು. ಮಾರನೆಯ ದಿನ ಅವರ ಮೇಜಿನ ಮೇಲೆ ಒಂದು ಅಚ್ಚು ಬೆಲ್ಲ ಬಂದು ಕೂತಿತು.

ಬಣ್ಣದ ಕಾಕಾ ಪಾಪ, ನಂಬಿದರು. ಕೋಣೆಗೆ ಹೋಗಿ, "ಈ ಸಲ ತಂದ ಹಸಿರು ಬಣ್ಣ ಹಲ್ಕಾ ಮಾಲು ಐತ್ರಿ, ಒಗದ್ರ ಬಿಡ್ತೈತಿ. ತರಬ್ಯಾಡ್ರಿ" ಎಂದರು. ಆ ಬಣ್ಣ ಆರಿಸಿ ತಂದವರು ಸಾವುಕಾರರ ಭಾವಮೈದುನ ಎಂಬುದು ಕಾಕಾನಿಗೆ ಗೊತ್ತಿರಲಿಲ್ಲ. ಸಾವುಕಾರರು ಕೊಟ್ಟ ಮಾತಿಗೆ ತಪ್ಪುವವರಲ್ಲ. ನಗುನಗುತ್ತ ಬೆಲ್ಲ ಒಡೆದು ಒಂದು ತುಂಡು ಕಾಕಾನ ಕೈಗಿಟ್ಟರು. ಮಧ್ಯಾಹ್ನ ಮುನೀಮರ ಕೈಯಲ್ಲಿ ಇನ್ನೊಂದು ಸುದ್ದಿ ಕಳಿಸಿದರು: ನಾಳೆಯಿಂದ ನೀವು ಮಕ್ತಲ್ ಗೋದಾಮಿಗೆ.

ಇಡೀ ಜೀವಮಾನ ನೂಲಿಗೆ ಬಣ್ಣ ಹಾಕಿದ ಮನುಷ್ಯ ಈಗ ಮಕ್ತಲ್‌ನಲ್ಲಿ ಮೂಟೆಗಳ ನಡುವೆ ಇಲಿ ಓಡಿಸುತ್ತ ಕೂತಿದ್ದಾರೆ. ಅವರನ್ನು ಬಸ್ಸು ಹತ್ತಿಸಿ ಬಂದ ದಿನ ನನಗೆ ಅನ್ನ ಇಳಿಯಲಿಲ್ಲ. ಗಂಟು ಹಾಕುವ ಕೈಯೂ ಅವರ ಜೊತೆಗೇ ಹೋಯಿತು. ಅವರ ಜಾಗಕ್ಕೆ ಬಂದವನು ಭಾವಮೈದುನನ ಕಡೆಯವನು. ಹೇಳಿದ್ದಕ್ಕೆಲ್ಲ ಹೂಂ ಅನ್ನುವುದು ಬಿಟ್ಟು ಬೇರೆ ಸ್ವರ ಅವನ ಗಂಟಲಲ್ಲಿ ಇರಲಿಲ್ಲ.

ಇದಾದ ಮೇಲೆ ಮೇಜಿನ ಮೇಲಿನ ಬೆಲ್ಲ ಹಾಗೇ ಉಳಿಯಿತು. ಹಬ್ಬದ ದಿನ ಸಾವುಕಾರರು ಸುಮ್ಮನೆ ಖುಷಿಯಿಂದ ಮುನೀಮರ ಕೈಗೆ ಒಂದು ತುಂಡು ಇಡಲು ಹೋದರು. ಮುನೀಮರು ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದರು.

"ಬ್ಯಾಡ್ರಿ ಸಾವುಕಾರ್ರ, ನಾ ಏನೂ ಅಂದಿಲ್ರಿ!"

ಅಂಚಿಲ್ಲದ ಸೀರೆ

ಗದ್ವಾಲದ ಒಂದು ಮನೆಯವರು ಮಗಳ ಮದುವೆಗೆ ಹಲವು ಸೀರೆ ಹೇಳಿದರು. ಕೆಂಪು ಒಡಲು, ಹಸಿರು ಅಂಚು. ನಾರಾಯಣಪೇಟೆಯ ಯಾವ ಮಗುವನ್ನು ಕೇಳಿದರೂ ಕಣ್ಣು ಮುಚ್ಚಿ ಹೇಳುವ ಜೋಡಿ.

ದೊಡ್ಡ ಮನೆಯ ಕೆಲಸವೆಂದು ಸಾವುಕಾರರು ತಾವೇ ಕಪಾಟಿನಿಂದ ಅಂಚಿನ ನೂಲು ತೆಗೆದು ಮೂಲೆಮಗ್ಗದ ಅಕ್ಕನ ಕೈಗೆ ಕೊಟ್ಟರು. ಕೊಟ್ಟದ್ದು ಕೆಂಪು. ಒಡಲಿಗೂ ಕೆಂಪು, ಅಂಚಿಗೂ ಕೆಂಪು. ಅಕ್ಕ ನೂಲು ನೋಡಿದಳು, ಅವರ ಮುಖ ನೋಡಿದಳು.

"ಅಂಚಿಗೆ ಇದೇ ಏನ್ರಿ?"

"ಮತ್ತೇನು? ಕಣ್ಣು ಕಾಣಂಗಿಲ್ಲೇನು ನಿನಗ?"

ಎಂಥ ಮಾತು, ಯಾರ ಬಾಯಿಂದ! ಅವಳು ಮಗ್ಗಕ್ಕೆ ಹಾಸಿನ ನೂಲು ಕಟ್ಟುವವರೆಗೂ ಪಕ್ಕದಲ್ಲೇ ನಿಂತಿದ್ದರು. ಬದಲಿಸುವ ದಾರಿಯೂ ಇರಲಿಲ್ಲ. ಮೊದಲ ಸೀರೆ ನನ್ನ ಮೇಜಿಗೆ ಬಂದಾಗ ನಾನು ಸಾವುಕಾರರ ಮುಂದೆ ಹರವಿದೆ. "ಅಂಚು ಒಡಲಿನಾಗ ಕೂಡಿಹೋಗೇತ್ರಿ, ಎದ್ದು ಕಾಣವಲ್ದು" ಎಂದೆ. ಅವರು ಕತ್ತು ವಾರೆ ಮಾಡಿ ನೋಡಿದರು. ಅವರಿಗೆ ಕೆಂಪು ಒಡಲು, ಹಸಿರು ಅಂಚಿನ ಸೀರೆ ಯಾವಾಗಲೂ ಹೀಗೇ ತಾನೇ ಕಂಡಿದ್ದು! "ಬರಾಬರ್ ಐತಿ, ಮಡಚು" ಎಂದರು.

ಗದ್ವಾಲದಲ್ಲಿ ಬೀಗರ ಮುಂದೆ ಪೆಟ್ಟಿಗೆ ಬಿಚ್ಚಿದ ಮದುಮಗಳ ತಾಯಿ ಕೇಳಿದ್ದು ಒಂದೇ ಪ್ರಶ್ನೆಯಂತೆ: "ಇದರ ಅಂಚು ಎಲ್ಲೈತಿ?" ಸೀರೆಗಳು ವಾಪಸ್ಸು ಬಂದವು. ಅಂಚು ಕೆಂಪಾಗಿದೆ ಎಂದು ಗಿರಾಕಿಯೇ ಹೇಳಿದ ಮೇಲೆ ಸಾವುಕಾರರು ನೆಟ್ಟಗೆ ಮೂಲೆಮಗ್ಗಕ್ಕೆ ಹೋದರು.

"ನಾ ಹಸಿರು ನೂಲು ಕೊಟ್ಟಿದ್ದೆ. ಎಲ್ಲಿಗೆ ಸಾಗಿಸಿದಿ ಅದನ್ನ? ಮಗ್ಗದಿಂದ ಎದ್ದು ಹೊರಗ ನಡಿ!"

ಕಳ್ಳತನದ ಅಪವಾದ! ಅವಳ ತಾಯಿ, ಅಜ್ಜಿ ಎಲ್ಲ ಮಗ್ಗದ ಕುಣಿಯಲ್ಲೇ ಆಯುಷ್ಯ ಕಳೆದವರು. ನೇಕಾರರ ಓಣಿಯಲ್ಲಿ ನೂಲು ಕದ್ದವಳು ಎಂಬ ಹೆಸರು ಬಂದರೆ ಇನ್ನೊಬ್ಬರ ಮಗ್ಗದ ಹತ್ತಿರವೂ ಸೇರಿಸುವುದಿಲ್ಲ. ನನಗೆ ತಡೆಯಲಾಗಲಿಲ್ಲ. "ಕೆಂಪು ಕೊಟ್ಟಿದ್ದು ನೀವ ರೀ. ನಾ ಇಲ್ಲೇ ಇದ್ದೆ, ಕಣ್ಣಾರೆ ನೋಡೀನಿ" ಎಂದೆ.

"ನನ್ನ ಕೈಯಾಗ ಕೆಂಪು ಬರೂದು ಸಾಧ್ಯನ ಇಲ್ಲ. ನೀನೂ ಅಕಿ ಕೂಡ ಸೇರೀಯೇನು?"

ನಾನು ಸುತ್ತ ನೋಡಿದೆ. ಒಬ್ಬ ನೂಲಿನ ಕಂಡಿಕೆ ಸುತ್ತುತ್ತಿದ್ದ, ಒಬ್ಬಳು ಕಾಲ್ಬೆರಳು ನೋಡಿಕೊಳ್ಳುತ್ತಿದ್ದಳು. ಮುನೀಮರು ಫ್ಯಾನಿಲ್ಲದ ಕೊಕ್ಕೆಯನ್ನು ನೋಡುತ್ತಿದ್ದರು. ಅವರ ಮೇಲೂ ಸಿಟ್ಟು ಬಂತು. ಆಮೇಲೆ ಅವರ ಮನೆ, ಮಕ್ಕಳು ನೆನಪಾಗಿ ಆ ಸಿಟ್ಟೂ ಸಾವುಕಾರರ ಕಡೆಗೇ ತಿರುಗಿತು. ಅಕ್ಕ ಅಳಲಿಲ್ಲ. ಸೆರಗು ಕೊಡವಿ ಎದ್ದು ಹೋದಳು.

ವಾಪಸ್ಸು ಬಂದ ಸೀರೆಗಳನ್ನು ಏನು ಮಾಡಿದರು ಗೊತ್ತೇ? ಗದ್ವಾಲದ ಅಂಗಡಿಯಲ್ಲಿ "ಒಂದೇ ಬಣ್ಣದ ಹೊಸ ನಮೂನೆ" ಎಂದು ಬೋರ್ಡು ಹಾಕಿಸಿದರು. ಒಂದೂ ಉಳಿಯದೆ ಮಾರಾಟವಾದವು. ಗಿರಾಕಿಗಳು ನೇಯ್ದವರು ಯಾರು ಎಂದು ಕೇಳಿದರೆ ಸಾವುಕಾರರ ಉತ್ತರ: "ನೇಯ್ಗಿ ಯಾರದರೆ ಇರಲಿ, ಬಣ್ಣದ ಐಡಿಯಾ ನಂದು!"

ಎರಡು ಕಾರ್ಡು

ಕಳೆದ ತಿಂಗಳು ಹೈದರಾಬಾದಿನ ಆ ತರಬೇತಿಯವರೇ ನಮ್ಮ ಶೆಡ್ಡಿಗೆ ಬಂದರು. ಮಾಲೀಕರು ಕಲಿತದ್ದನ್ನು ನಡೆಸುತ್ತಿದ್ದಾರೋ ಇಲ್ಲವೋ ನೋಡಲು ಒಬ್ಬ ಮೇಡಂ. ಚುರುಕಾದ ಹೆಣ್ಣುಮಗಳು. ಬಾಯಿ ಬಿಟ್ಟು ಹೇಳಲು ಜನಕ್ಕೆ ಸಂಕೋಚವಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಅದಕ್ಕೆ ಬಾಗಿಲಲ್ಲೇ ನಿಂತು ಪ್ರತಿಯೊಬ್ಬರಿಗೂ ಎರಡೆರಡು ಕಾರ್ಡು ಹಂಚಿದರು, ಒಂದು ಕೆಂಪು, ಒಂದು ಹಸಿರು.

ಮೂಲೆಮಗ್ಗದ ಅಕ್ಕ ಅವತ್ತೇ ತನ್ನ ಸ್ವಂತ ಲಾಳಿಯನ್ನು ಒಯ್ಯಲು ಬಂದಿದ್ದಳು. ಅವಳನ್ನು ಕೆಲಸದಿಂದ ತೆಗೆದದ್ದು ಮೇಡಂಗೆ ಏನು ಗೊತ್ತು? ಅವಳ ಕೈಗೂ ಎರಡು ಕಾರ್ಡು ಕೊಟ್ಟರು. ಅವಳು ಎಲ್ಲರ ಹಿಂದೆ ಗೋಡೆಗೆ ಒರಗಿ ನಿಂತಳು.

"ಪ್ರಶ್ನೆ ಒಂದೇ," ಎಂದರು ಮೇಡಂ. "ಇಲ್ಲಿ ತಪ್ಪು ಕಂಡರೆ ಹೆದರದೆ ಹೇಳಬಹುದು ಅನ್ನುವವರು ಹಸಿರು ಎತ್ತಿ. ಹೇಳಲು ಹೆದರಿಕೆ ಅನ್ನುವವರು ಕೆಂಪು ಎತ್ತಿ."

ಸಾವುಕಾರರು ಎದುರಿಗೇ ಕುರ್ಚಿಯಲ್ಲಿ ಕೂತಿದ್ದರು. ಎಂದಿನಂತೆ ಎಲ್ಲರೂ ಹಸಿರು ಎತ್ತಬೇಕಾಗಿತ್ತು. ಆದರೆ ಆ ದಿನ ನಮಗೆಲ್ಲ ಒಂದೇ ವಿಚಾರ ಒಟ್ಟಿಗೇ ಹೊಳೆಯಿತು. ಯಾವುದು ಎತ್ತಿದರೂ ಅವರಿಗೆ ತಿಳಿಯುವುದಿಲ್ಲವಲ್ಲ! ಮುನೀಮರ ಕೈ ಮೊದಲು ಮೇಲಕ್ಕೆ ಹೋಯಿತು. ಆಮೇಲೆ ನನ್ನದು, ಆಮೇಲೆ ಸಾಲುಸಾಲಾಗಿ ಎಲ್ಲರದು. ಇಡೀ ಶೆಡ್ಡು ಕೆಂಪೋ ಕೆಂಪು. ಹೂಂ ಅನ್ನುವ ಹೊಸ ಬಣ್ಣದವನೂ ಕೆಂಪು.

ಸಾವುಕಾರರ ಮುಖ ಅರಳಿತು. ಎದ್ದು ನಿಂತು, ಎರಡೂ ಕೈ ಚಾಚಿದರು.

"ನೋಡ್ರಿ ಮೇಡಂ, ನೋಡ್ರಿ! ಎಲ್ಲಾ ಹಸಿರು! ಒಂದರ ಕೆಂಪು ಐತೇನು? ಫೋಟೋ ಹೊಡೀರಿ!"

ಮೇಡಂ ತಮಾಷೆ ಎಂದುಕೊಂಡು ನಕ್ಕರು. ಸಾವುಕಾರರೂ ನಕ್ಕರು. ಸ್ವಲ್ಪ ಹೊತ್ತಿನ ಮೇಲೆ ಮೇಡಂ ಒಬ್ಬರೇ ನಗು ನಿಲ್ಲಿಸಿ ನಮ್ಮ ಮುಖಗಳನ್ನು ನೋಡತೊಡಗಿದರು. ನಾವು ಕೈ ಇಳಿಸಲಿಲ್ಲ.

ಹಿಂದಿನಿಂದ ಅಕ್ಕ ನಡೆದು ಬಂದಳು. ಅವಳಿಗೆ ಕಳೆದುಕೊಳ್ಳಲು ಇನ್ನೇನು ಉಳಿದಿತ್ತು? ಸಾವುಕಾರರ ಮುಂದೆ ನಿಂತು ತನ್ನ ಕೆಂಪು ಕಾರ್ಡನ್ನು ಅವರ ಕಣ್ಣೆದುರು ಹಿಡಿದಳು.

"ಸಾವುಕಾರ್ರ, ಇದು ಯಾವ ಬಣ್ಣ ರೀ?"

"ಹಸಿರು."

"ಅವತ್ತು ಅಂಚಿಗಂತ ನನ್ನ ಕೈಗೆ ಕೊಟ್ರಲ್ರಿ, ಅದೂ ಇದೇ ಹಸಿರು ರೀ."

ಸಾವುಕಾರರು ನನ್ನ ಕಡೆ ತಿರುಗಿದರು. "ಏನಂತಾಳಿಕಿ? ಯಾವ ಬಣ್ಣ ಇದು?"

"ಕೆಂಪು ರೀ," ಎಂದೆ.

ಅವರು ಮುನೀಮರ ಕಡೆ ನೋಡಿದರು. ಮುನೀಮರು ಒಮ್ಮೆ ತಮ್ಮ ಕುರ್ಚಿಯನ್ನು ನೋಡಿಕೊಂಡರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಕೆಂಪು ರೀ, ಕುಂಕುಮದಂಗ ಕೆಂಪು" ಎಂದರು. ಆಮೇಲೆ ಕಟ್ಟೆ ಒಡೆದ ಹಾಗಾಯಿತು. ಕೆಂಪು, ಕೆಂಪು, ಎರುಪು, ಲಾಲ್ ಎಂದು ಬಂದ ಭಾಷೆಯಲ್ಲೆಲ್ಲ ಕೂಗಿದರು ಜನ.

ಸಾವುಕಾರರು ಕಾರ್ಡನ್ನು ಕಸಿದುಕೊಂಡರು. ಹಿಂದೆ ಮುಂದೆ ತಿರುಗಿಸಿದರು. ಕಿಟಕಿಯ ಹತ್ತಿರ ಹೋಗಿ ಬೆಳಕಿಗೆ ಹಿಡಿದರು. ಎಂಜಲು ಹಚ್ಚಿ ಉಜ್ಜಿದರು. ಎಷ್ಟೋ ಹೊತ್ತು ಬೆನ್ನು ಹಾಕಿಕೊಂಡೇ ನಿಂತಿದ್ದರು. ಈಗ ಹೇಳುತ್ತಾರೆ, ಈಗಲಾದರೂ ಆ ಒಂದು ಮಾತು ಹೇಳುತ್ತಾರೆ ಎಂದು ನಾನು ನಿಂತಲ್ಲೇ ಬೀರಪ್ಪನನ್ನು ನೆನೆದೆ. ಅವರು ತಿರುಗಿದರು.

"ಮೇಡಂ, ಈ ಕಾರ್ಡು ಛಾಪಿಸಿದವ ಯಾವನು? ಕೆಂಪಿಗೆ ಹಸಿರು ಹಚ್ಚಿ, ಹಸಿರಿಗೆ ಕೆಂಪು ಹಚ್ಚಿ ಮಂದಿ ತಲಿ ಕೆಡಸ್ಯಾನ! ಮೊದ್ಲು ಅವನ್ನ ಕೆಲಸದಿಂದ ತೆಗೀರಿ!"

ಮೇಡಂ ತಮ್ಮ ಕೈಯಲ್ಲಿ ಉಳಿದ ಕಾರ್ಡುಗಳನ್ನು ತಿರುಗಿಸಿ ನೋಡಿಕೊಂಡರು. ಅಕ್ಕ ಮಾತ್ರ ಯಾರನ್ನೂ ಕೇಳಲಿಲ್ಲ. ಲಾಳಿ ಹಿಡಿದುಕೊಂಡು ನೆಟ್ಟಗೆ ಹೋಗಿ ತನ್ನ ಮೂಲೆಯ ಕುಣಿಯಲ್ಲಿ ಇಳಿದು ಕೂತಳು. ಮಗ್ಗ ಖಟಕ್ ಎಂದು ಸದ್ದು ಮಾಡಿತು. ನಾವೆಲ್ಲ ಸಾವುಕಾರರ ಮುಖ ನೋಡಿದೆವು. ಮುನೀಮರು ಧೈರ್ಯ ಮಾಡಿ ಕೇಳಿಯೇಬಿಟ್ಟರು: "ಅಕಿಗೆ ಏನ್ ಹೇಳ್ಲಿ ರೀ? ಏಳು ಅನ್ಲೋ, ಇರು ಅನ್ಲೋ?"

"ಇರಲಿ ಇರಲಿ, ಅಕಿ ತಪ್ಪೇನೈತಿ ಪಾಪ!" ಎಂದರು ಸಾವುಕಾರರು, ಕಾರ್ಡನ್ನು ಹರಿದು ಬಿಸಾಕುತ್ತ. "ಅವತ್ತಿನ ನೂಲಿಗೂ ಇದೇ ಬದ್ಮಾಶ್ ಛಾಪಖಾನೆಯವನ ಬಣ್ಣ ಹಚ್ಚಿರ್ಬೇಕು!"